ಖಗ್ರಾಸ ಚಂದ್ರಗ್ರಹಣ: ಬಯಲಲ್ಲಿ ನಿಂತು ನೋಡುವಾಗ

ಖಗ್ರಾಸ ಚಂದ್ರಗ್ರಹಣ ನೋಡಲು ವಿಶೇಷ ಕನ್ನಡಕ ಬೇಕಿಲ್ಲ, ಬರಿಗಣ್ಣೇ ಸಾಕು. ಚಂದ್ರ ದಿಗಂತದ ಮೇಲಿರುವ ಊರುಗಳಿಗೆಲ್ಲ ಅದು ಒಂದೇ ಹೊತ್ತಿಗೆ ಕಾಣುತ್ತದೆ. ಬೀದರಿಗೊಂದು ಸಮಯ, ಮೈಸೂರಿಗೊಂದು ಸಮಯ ಎಂಬುದಿಲ್ಲ. ತಾರಾಲಯಗಳೂ ವಿಜ್ಞಾನ ಸಂಘಗಳೂ ನಡೆಸುವ ಸಾರ್ವಜನಿಕ ವೀಕ್ಷಣೆಗೆ ಇದಕ್ಕಿಂತ ಒಗ್ಗುವ ಆಕಾಶದ ಘಟನೆ ಇನ್ನೊಂದಿಲ್ಲ.

2025ರ ಸೆಪ್ಟೆಂಬರ್ 7ರ ಗ್ರಹಣ ಭಾರತದಲ್ಲೆಲ್ಲ ಮೊದಲಿನಿಂದ ಕೊನೆಯವರೆಗೆ ಕಾಣುವಂತಿತ್ತು. ರಾತ್ರಿ 8.58ಕ್ಕೆ ಚಂದ್ರ ಭೂಮಿಯ ಅರೆನೆರಳನ್ನು ಹೊಕ್ಕಿತು. ಈ ಹಂತದ ಬಹುಪಾಲು ಹೊತ್ತು ಬೆಳಕು ಕುಂದಿದ್ದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ದೂರದರ್ಶಕದ ಮುಂದೆ ಸಾಲು ನಿಂತು, ಟೈಕೊ ಕುಳಿಯಿಂದ ಸುತ್ತಲೂ ಚಾಚಿದ ಬಿಳಿ ಗೆರೆಗಳನ್ನು ನೋಡಿಕೊಳ್ಳಲು ಇದೇ ಸರಿಯಾದ ವೇಳೆ.

9.57ಕ್ಕೆ ಪಂಚಾಂಗದವರು ಹೇಳುವ ಸ್ಪರ್ಶ. ದಟ್ಟ ನೆರಳು ಚಂದ್ರನ ಅಂಚನ್ನು ಮುಟ್ಟಿ ಮೆಲ್ಲನೆ ಒಳಸರಿಯುತ್ತದೆ. ಆಗ ಗಮನಿಸಬೇಕಾದದ್ದು ನೆರಳಿನ ಅಂಚಿನ ಬಾಗು. ಅದು ಪ್ರತಿ ಗ್ರಹಣದಲ್ಲೂ ಕಮಾನಾಗಿಯೇ ಇರುವುದನ್ನು ಕಂಡು ಅರಿಸ್ಟಾಟಲ್ ಭೂಮಿ ಗುಂಡಗಿದೆಯೆಂದು ವಾದಿಸಿದ್ದ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳೇ ಎಂದು ಆರ್ಯಭಟ ಸ್ಪಷ್ಟವಾಗಿ ಬರೆದ. ಅವನು ಗಣಿತದಿಂದ ತಿಳಿದದ್ದು ಬಯಲಲ್ಲಿ ನಿಂತ ಮಗುವಿಗೂ ಕಣ್ಣಾರೆ ಕಾಣುತ್ತದೆ ಎಂಬುದೇ ಈ ರಾತ್ರಿಯ ದೊಡ್ಡ ಸೊಗಸು.

11 ಗಂಟೆಯ ಸುಮಾರಿಗೆ ಚಂದ್ರ ಪೂರ್ತಿ ಮುಳುಗಿ, 82 ನಿಮಿಷ ದಟ್ಟ ನೆರಳಲ್ಲೇ ಇತ್ತು. ಆದರೂ ಅದು ಮಾಯವಾಗುವುದಿಲ್ಲ. ಭೂಮಿಯ ವಾಯುಮಂಡಲವನ್ನು ಹಾಯುವ ಬಿಸಿಲಿನಲ್ಲಿ ನೀಲಿ ಚದುರಿಹೋಗುತ್ತದೆ. ಉಳಿದ ಕೆಂಪು ಬಾಗಿ ಚಂದ್ರನನ್ನು ತಲುಪುತ್ತದೆ. ಆ ಗಳಿಗೆಯಲ್ಲಿ ಭೂಮಿಯ ಮೇಲೆ ಎಲ್ಲೆಲ್ಲಿ ಉದಯ, ಎಲ್ಲೆಲ್ಲಿ ಅಸ್ತವೋ ಅಲ್ಲಿನ ಬೆಳಕೆಲ್ಲ ಸೇರಿ ಈ ತಾಮ್ರವರ್ಣ ಆಗುತ್ತದೆ. ಗಾಳಿಯಲ್ಲಿ ದೂಳು ಹೆಚ್ಚಿದ್ದರೆ ಬಣ್ಣ ಕಪ್ಪಿಡುತ್ತದೆ: 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಬಳಿಕ, 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ಬಹಳ ಮಸುಕಾಗಿತ್ತು. ಫ್ರಾನ್ಸಿನ ಖಗೋಳಜ್ಞ ದಾಂಜೋನ್ ಈ ಹೊಳಪನ್ನು ಅಳೆಯಲು 0ಯಿಂದ 4ರವರೆಗಿನ ಅಳತೆಯೊಂದನ್ನು ರೂಪಿಸಿದ. ನೆರೆದವರೆಲ್ಲ ತಮಗೆ ಕಂಡ ಅಂಕ ಬರೆದಿಟ್ಟರೆ ನೋಟವೇ ವೀಕ್ಷಣೆಯಾಗುತ್ತದೆ.

ಈ ಹೊತ್ತಿನಲ್ಲಿ ದೂರದರ್ಶಕದ ಸಾಲಿನಲ್ಲಿ ನಿಲ್ಲುವುದು ನಷ್ಟವೇ ಸರಿ. ಕೆಂಪು ಚಂದ್ರ ದುಂಡಗೆ ತೇಲುವಂತೆ ತೋರುವುದು ಬೈನಾಕ್ಯುಲರಿನಲ್ಲಿ. ಹುಣ್ಣಿಮೆಯ ಬೆಳಕಲ್ಲಿ ಅಡಗಿದ್ದ ನಕ್ಷತ್ರಗಳೂ ಹೊರಬರುತ್ತವೆ. ಊರ ದೀಪಗಳಿಂದ ದೂರವಿದ್ದರೆ ಕ್ಷೀರಪಥವೂ ಕಾಣುತ್ತದೆ.

ಗ್ರಹಣ ಬಿಡುವವರೆಗೆ ಉಣ್ಣದ ರೂಢಿ ಅನೇಕ ಮನೆಗಳಲ್ಲಿದೆ. ನೆರಳಿನಿಂದ ಅನ್ನ ಕೆಡುವುದಿಲ್ಲವೆಂದು ತೋರಿಸಲು ಕೆಲವು ಸಂಘಟಕರು ಸ್ಥಳದಲ್ಲೇ ತಿಂಡಿ ಹಂಚುತ್ತಾರೆ. ಮಾತಿನ ತಿಳಿವಳಿಕೆಗಿಂತ ಇದು ಹೆಚ್ಚು ನಾಟುತ್ತದೆ.

ಮೋಡದ ಮುಂದೆ ಮಾತ್ರ ಯಾವ ಸಿದ್ಧತೆಯೂ ನಡೆಯದು. ಸೆಪ್ಟೆಂಬರಿನ ಆ ರಾತ್ರಿ ಭಾರತೀಯ ಖಭೌತ ಸಂಸ್ಥೆ ಹಲವು ಕಡೆಗಳಿಂದ ನೇರಪ್ರಸಾರ ಮಾಡಿತ್ತು. ಭಾರತದಿಂದ ಪೂರ್ತಿಯಾಗಿ ನೋಡಬಹುದಾದ ಮುಂದಿನ ಖಗ್ರಾಸ ಗ್ರಹಣ 2028ರ ಡಿಸೆಂಬರ್ 31ರಂದು. ಚಂದ್ರ ರಾತ್ರಿ 9.45ರ ಸುಮಾರಿಗೆ ಪೂರ್ತಿ ಮುಳುಗಿ, 11ಕ್ಕೆ ಸ್ವಲ್ಪ ಮೊದಲು ಹೊರಬರತೊಡಗುತ್ತದೆ.