ರಾಗಿಹುಲ್ಲಿನೊಳಗಿನ ಒಕ್ಕಲು

ಹುಲಿಯೂರುದುರ್ಗದ ಬೆಟ್ಟದ ಮೇಲೆ ಬಿಸಿಲು ಇಳಿಯುವ ಹೊತ್ತು. ಮೆದೆಯಿಂದ ಹಿರಿದು ತಂದ ರಾಗಿಹುಲ್ಲು ಗೋದಲಿಗೆ ಬಿದ್ದೊಡನೆ ಕೊಟ್ಟಿಗೆಯ ಗಂಜಲದ ಘಾಟಿಗೆ ಒಣಹುಲ್ಲಿನ ಧೂಳುವಾಸನೆ ಬೆರೆಯುತ್ತದೆ. ಬೂದುಬಣ್ಣದ ಹಳ್ಳಿಕಾರ್ ಹಸು ಗಬಗಬನೆ ನುಂಗಿ, ಮಂಡಿಯೂರಿ ಮಲಗಿ, ಅರೆಗಣ್ಣಿನಲ್ಲಿ ಮೆಲುಕಿಗೆ ತೊಡಗುತ್ತದೆ. ಸುಮ್ಮನೆ ಪಕ್ಕದಲ್ಲಿ ಕೂತು ನೋಡಿ: ಕೊರಳಲ್ಲಿ ಉಂಡೆಯೊಂದು ಮೇಲೇರುತ್ತದೆ, ದವಡೆ ಅಡ್ಡಡ್ಡ ಆಡುತ್ತದೆ, ಉಂಡೆ ಮತ್ತೆ ಇಳಿಯುತ್ತದೆ.

ಅದು ಇಳಿಯುವ ಜಾಗದಲ್ಲಿ ಕತ್ತಲು, ಸುಮಾರು 39 ಡಿಗ್ರಿ ಕಾವು. ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹೊಸ ಮೇವಿನ ಸಾರ ಸೋಕಿದ ಅರ್ಧ ಗಂಟೆಯೊಳಗೆ, ಹಳೆಯ ಹುಲ್ಲಿಗೆ ಕಚ್ಚಿಕೊಂಡಿದ್ದ ಬೂಷ್ಟಿನ ಚೀಲಗಳು ಬಾಯಿಬಿಟ್ಟು ಬಾಲವುಳ್ಳ ಬೀಜಕಣಗಳನ್ನು ಹೊರಬಿಡುತ್ತವೆ. ಅವು ಈಜಿಹೋಗಿ ದಂಟಿನ ಮುರಿದ ಕಡೆ ಅಂಟಿಕೊಂಡು, ಬಾಲ ಕಳಚಿ, ಬೇರಿನಂಥ ಎಳೆಗಳನ್ನು ಒಳಗಿಳಿಸುತ್ತವೆ. ಗಟ್ಟಿ ದಂಟು ಒಳಗಿನಿಂದಲೇ ಸೀಳುತ್ತದೆ; ಸೀಳಿಗೆ ಬ್ಯಾಕ್ಟೀರಿಯಾಗಳು ನುಗ್ಗುತ್ತವೆ.

ಹೊರಗುಳಿದ ಚೀಲ ಉಬ್ಬುತ್ತಿದ್ದಂತೆ ಅದರೊಳಗಿನ ಕೋಶಕೇಂದ್ರ ಎರಡಾಗಿ, ನಾಲ್ಕಾಗಿ, ಎಂಟಾಗುತ್ತದೆ. ನಮ್ಮ ಜೀವಕೋಶ ಒಡೆಯುವಾಗ ಕೇಂದ್ರದ ಪೊರೆ ಚದುರಿಹೋಗುತ್ತದೆ. ಇಲ್ಲಿ ಹಾಗಲ್ಲ, ಹೊರಗೋಡೆ ಮುಟ್ಟದೆ ಮನೆಯೊಳಗೇ ಪಾಲಾದ ಅಣ್ಣತಮ್ಮಂದಿರಂತೆ ವರ್ಣತಂತುಗಳು ಪೊರೆಯೊಳಗೇ ಹಂಚಿಕೊಳ್ಳುತ್ತವೆ. ಕೊನೆಗೆ ಒಂದೊಂದು ಕೇಂದ್ರದ ಸುತ್ತ ಒಂದೊಂದು ಬೀಜಕಣ. ಒಂದು ತಲೆಮಾರಿಗೆ ಹೆಚ್ಚುಕಡಿಮೆ ಒಂದು ದಿನ ಸಾಕು.

ಬೂಷ್ಟೆಂದರೆ ಗಾಳಿ ಬೇಕೇಬೇಕು ಎಂಬ ನಂಬಿಕೆಯಿದ್ದ ಕಾಲದಲ್ಲಿ, ಈಜುವ ಈ ಕಣಗಳನ್ನು ಪ್ರೋಟೊಜೋವಾ ಎಂದೇ ಎಣಿಸಿದ್ದರು. ಇವು ಶಿಲೀಂಧ್ರಗಳೆಂದು 1975ರಲ್ಲಿ ಕುರಿಯ ಹೊಟ್ಟೆಯನ್ನು ಶೋಧಿಸುತ್ತಿದ್ದ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ತೋರಿಸಿದರು. ಬಂಧುಗಳು ಯಾರು? 1980ರ ದಶಕದಲ್ಲಿ ಬಾಲದ ಬುಡದ ರಚನೆ, ಕೇಂದ್ರ ಒಡೆಯುವ ಬಗೆಗಳನ್ನು ನೋಡಿ, ನೀರು-ಮಣ್ಣಿನಲ್ಲಿ ಬಾಳುವ ಕೈಟ್ರಿಡ್‌ಗಳ ದಾಯಾದಿಗಳೆಂದರು. 2007ರಲ್ಲಿ ವಂಶವಾಹಿ ಪುರಾವೆಯೂ ಕೂಡಿ ನಿಯೋಕ್ಯಾಲಿಮ್ಯಾಸ್ಟಿಗೋಮೈಕೋಟ ಎಂಬ ಬೇರೆ ವಿಭಾಗವೇ ಆಯಿತು. ಬೆಂಗಳೂರು ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯ ಸಂಶೋಧಕರು ಎಮ್ಮೆಯಿಂದ ಇದೇ ಕುಲದ ಸಿಲ್ಲಾಮೈಸಿಸ್ ಬೂಷ್ಟನ್ನು ಬೇರ್ಪಡಿಸಿದ್ದಾರೆ.

ಈ ಕುಲ ಕವಲೊಡೆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಎಂಬುದು ವಂಶವಾಹಿಗಳ ಲೆಕ್ಕ. ನಾರು ಕರಗಿಸುವ ಕಿಣ್ವಗಳಲ್ಲಿ ಹಲವನ್ನು ನೆರೆಯ ಬ್ಯಾಕ್ಟೀರಿಯಾಗಳಿಂದಲೇ ಪಡೆದು, ಹುಲ್ಲು ತಿನ್ನುವ ಪ್ರಾಣಿಗಳ ಜೊತೆಜೊತೆಗೇ ಬೆಳೆದುಬಂತು. ಹೋರಿಯ ತಳಿ ನೋಡಿ ಹಸುವಿನ ಬೆಲೆ ಕಟ್ಟುವ ಈ ಸೀಮೆಯಲ್ಲಿ, ಒಣದಂಟನ್ನು ಹಾಲಿಗೂ ಹೆಗಲಿನ ಕಸುವಿಗೂ ಒದಗಿಸುವ ಈ ತಳಿಗೂ ಲೆಕ್ಕದಲ್ಲಿ ಒಂದು ಪಾಲು ಸಲ್ಲಬೇಕು.