ಸೇವ್ ಆದದ್ದು ಎಲ್ಲಿಗೆ ಹೋಯಿತು?

ಫೈಲನ್ನು ಸೇವ್ ಮಾಡಿದ ಕೂಡಲೇ ಅದು ಡಿಸ್ಕಿಗೆ ಸೇರಿತು ಎಂದು ನಾವೆಲ್ಲ ನಂಬುತ್ತೇವೆ. ಬಹಳ ಸಲ ಅದಿನ್ನೂ ಮೆಮೊರಿಯಲ್ಲೇ ಕಾಯುತ್ತಿರುತ್ತದೆ. ಡಿಸ್ಕು ನಿಧಾನ, ಮೆಮೊರಿ ಚುರುಕು. ಹಾಗಾಗಿ ಆಪರೇಟಿಂಗ್ ಸಿಸ್ಟಂ ಬರೆಯಬೇಕಾದ್ದನ್ನು ಕೂಡಿಟ್ಟುಕೊಂಡು ಒಟ್ಟಿಗೆ ಬರೆಯುತ್ತದೆ. ಅಷ್ಟರಲ್ಲಿ ಕರೆಂಟು ಹೋದರೆ, ಅರ್ಧ ಬರೆದ ಡಿಸ್ಕು ಉಳಿಯುತ್ತದೆ.

2001ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಇಎಕ್ಸ್‌ಟಿ3 ಫೈಲ್‌ಸಿಸ್ಟಂ ಇದಕ್ಕೆ ಜರ್ನಲ್ ಎಂಬ ಉಪಾಯ ತಂದಿತು. ವ್ಯಾಪಾರಿ ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ದಾಖಲಿಸುವುದು. ಯಂತ್ರ ಮತ್ತೆ ಶುರುವಾದಾಗ ಅದನ್ನು ಓದಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ.

ಆದರೆ ಜರ್ನಲ್‌ನಲ್ಲಿ ಏನನ್ನು ಬರೆಯಬೇಕು? ‘ಜರ್ನಲ್’ ಎಂಬ ಹೆಸರಿನದೇ ಸೆಟ್ಟಿಂಗ್ ಆರಿಸಿದರೆ ಫೈಲಿನ ಒಳಗಿನ ಮಾಹಿತಿಯೂ ಅಲ್ಲಿಗೆ ಹೋಗುತ್ತದೆ. ಎಲ್ಲವನ್ನೂ ಎರಡು ಸಲ ಬರೆಯಬೇಕು. ‘ಆರ್ಡರ್ಡ್’ನಲ್ಲಿ ಹೆಸರು, ಗಾತ್ರ, ಜಾಗದಂಥ ವಿವರಗಳಷ್ಟೇ ಜರ್ನಲ್‌ಗೆ, ಆದರೆ ಅವು ಖಾಯಂ ಆಗುವ ಮುಂಚೆ ಮಾಹಿತಿ ತನ್ನ ಜಾಗ ಸೇರಿರಬೇಕು. ‘ರೈಟ್‌ಬ್ಯಾಕ್’ಗೆ ಈ ಅನುಕ್ರಮದ ಹಂಗಿಲ್ಲ. ವೇಗ ಸಿಗುತ್ತದೆ, ಆದರೆ ಯಂತ್ರ ಕುಸಿದೆದ್ದ ಮೇಲೆ ನಿಮ್ಮ ಫೈಲಿನೊಳಗೆ ಇನ್ಯಾರೋ ಅಳಿಸಿದ ಹಳೆಯ ಮಾಹಿತಿ ಕಾಣಿಸಬಹುದು.

ಆರ್ಡರ್ಡ್ ಸುರಕ್ಷಿತವೇ, ಆದರೆ ಅದರ ಬೆಲೆ ಅನಿರೀಕ್ಷಿತ ಜಾಗದಲ್ಲಿ ತೆರಬೇಕಾಯಿತು. ‘ಈ ಫೈಲನ್ನು ಈಗಲೇ ಡಿಸ್ಕಿಗೆ ಬರೆ’ ಎನ್ನಲು ಪ್ರೋಗ್ರಾಂಗಳಿಗೆ ಎಫ್‌ಸಿಂಕ್ ಎಂಬ ಆಜ್ಞೆಯಿದೆ. ಇಎಕ್ಸ್‌ಟಿ3ಯಲ್ಲಿ ಒಂದು ಪುಟ್ಟ ಫೈಲಿಗೆ ಎಫ್‌ಸಿಂಕ್ ಕೊಟ್ಟರೆ, ಬಾಕಿಯಿದ್ದ ಬೇರೆ ಫೈಲುಗಳ ಮಾಹಿತಿಯೂ ಇಳಿಯುವವರೆಗೆ ಕಾಯಬೇಕಿತ್ತು. 2008ರ ಫೈರ್‌ಫಾಕ್ಸ್ 3 ತನ್ನ ಡೇಟಾಬೇಸಿಗಾಗಿ ಪದೇಪದೇ ಎಫ್‌ಸಿಂಕ್ ಕರೆಯುತ್ತಿತ್ತು. ಪಕ್ಕದಲ್ಲಿ ದೊಡ್ಡ ಫೈಲು ಕಾಪಿ ಆಗುತ್ತಿದ್ದರೆ ಬ್ರೌಸರ್ ಸೆಕೆಂಡುಗಟ್ಟಲೆ ಸ್ತಬ್ಧವಾಗುತ್ತಿತ್ತು. ಎಫ್‌ಸಿಂಕ್ ಕರೆಯಲು ಹಿಂಜರಿಯುವುದು ಪ್ರೋಗ್ರಾಮರ್‌ಗಳಿಗೆ ರೂಢಿಯಾಯಿತು. ಹೇಗೂ ಜರ್ನಲ್ 5 ಸೆಕೆಂಡಿಗೊಮ್ಮೆ ಖಾಯಂ ಆಗುತ್ತಿತ್ತಲ್ಲ, ಮಾಹಿತಿಯೂ ಅದರ ಜೊತೆಗೇ ಇಳಿಯುತ್ತಿತ್ತು.

2008ರ ಡಿಸೆಂಬರಿನಲ್ಲಿ ಇಎಕ್ಸ್‌ಟಿ4 ಸ್ಥಿರ ರೂಪದಲ್ಲಿ ಬಂತು. ಡಿಸ್ಕಿನಲ್ಲಿ ಜಾಗ ಹಂಚುವುದನ್ನು ಅದು ಕೊನೆ ಗಳಿಗೆಯವರೆಗೆ ಮುಂದೂಡುತ್ತದೆ. ಅದರಿಂದ ವೇಗ ಹೆಚ್ಚಿತು, ಆದರೆ ಮಾಹಿತಿ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಮೆಮೊರಿಯಲ್ಲೇ ಉಳಿಯುವಂತಾಯಿತು. ಹೊಸ ಫೈಲು ಬರೆದು, ಎಫ್‌ಸಿಂಕ್ ಇಲ್ಲದೆ ಹಳೆಯದರ ಹೆಸರು ಅದಕ್ಕೆ ಕೊಡುವ ಪ್ರೋಗ್ರಾಂಗಳಿಗೆ ಇದು ಕುತ್ತಾಯಿತು: ಹೆಸರಿನ ಬದಲಾವಣೆ ಜರ್ನಲ್ ಸೇರಿತು, ಮಾಹಿತಿ ಸೇರಲಿಲ್ಲ. 2009ರ ಆರಂಭದಲ್ಲಿ ಲಿನಕ್ಸ್ ಆಧಾರಿತ ಉಬುಂಟುವಿನ ಪರೀಕ್ಷಾ ಆವೃತ್ತಿ ಬಳಸುತ್ತಿದ್ದವರು, ಯಂತ್ರ ಕುಸಿದ ಮೇಲೆ ನೋಡಿದರೆ ಫೈಲುಗಳ ಗಾತ್ರ ಸೊನ್ನೆ.

ಇಎಕ್ಸ್‌ಟಿ4ರ ಮುಖ್ಯ ರೂವಾರಿ ಥಿಯೋಡೋರ್ ತ್ಸೋ, ಎಫ್‌ಸಿಂಕ್ ಕರೆಯದಿದ್ದರೆ ನಿಯಮದ ಪ್ರಕಾರ ಯಾವ ಖಾತರಿಯೂ ಇಲ್ಲ ಎಂದರು. ನಿಯಮ ಅವರ ಪರವಾಗಿತ್ತು. ಆದರೂ, ಹೀಗೆ ಹೆಸರು ಬದಲಾಗುವುದನ್ನು ಗುರುತಿಸಿ ಮಾಹಿತಿಯನ್ನು ಬೇಗ ಇಳಿಸುವ ತಿದ್ದುಪಡಿಯನ್ನು ಅವರೇ ಬರೆದರು. ನನ್ನ ಮಟ್ಟಿಗೆ ಅದೇ ಸರಿಯಾದ ನಿರ್ಧಾರ. ಫೈಲು ಕಳೆದುಕೊಂಡವರಿಗೆ ನಿಯಮ ತೋರಿಸಿ ಪ್ರಯೋಜನವಿಲ್ಲ.

ವೇಗ, ಸುರಕ್ಷತೆಗಳ ನಡುವಿನ ಹೊಯ್ದಾಟ ಅಲ್ಲಿಗೇ ಮುಗಿಯಲಿಲ್ಲ. ಲಿನಕ್ಸ್ ಕರ್ನಲ್ 2.6.30ರಲ್ಲಿ ಇಎಕ್ಸ್‌ಟಿ3ರ ಪೂರ್ವನಿಯೋಜಿತ ಆಯ್ಕೆ ರೈಟ್‌ಬ್ಯಾಕ್ ಆಯಿತು, 2.6.36ರಲ್ಲಿ ಮತ್ತೆ ಆರ್ಡರ್ಡ್‌ಗೆ ಮರಳಿತು. ಮತ್ತೆ ತಯಾರಿಸಿಕೊಳ್ಳಬಹುದಾದ ತಾತ್ಕಾಲಿಕ ಫೈಲುಗಳಿಗಷ್ಟೇ ರೈಟ್‌ಬ್ಯಾಕ್ ಸಾಕು. ಫೋಟೊ, ಲೆಕ್ಕಪತ್ರ ಇರುವಲ್ಲಿ ಆರ್ಡರ್ಡ್ ಬಿಡಬೇಡಿ. ಇನ್ನು ಬ್ಯಾರಿಯರ್ ಎಂಬ ಸೆಟ್ಟಿಂಗ್: ಡಿಸ್ಕು ತನ್ನದೇ ತಾತ್ಕಾಲಿಕ ಮೆಮೊರಿಯಾದ ಕ್ಯಾಶ್‌ನಲ್ಲಿ ಬರಹದ ಅನುಕ್ರಮ ಕೆಡಿಸದಂತೆ ಅದು ತಡೆಯುತ್ತದೆ. ವೇಗಕ್ಕಾಗಿ ಅದನ್ನು ಆಫ್ ಮಾಡುವುದು, ಕರೆಂಟು ಹೋದರೂ ಕ್ಯಾಶನ್ನು ಕಾಪಾಡುವ ಬ್ಯಾಟರಿ ಡಿಸ್ಕಿನ ಕಂಟ್ರೋಲರ್‌ನಲ್ಲಿದ್ದರೆ ಮಾತ್ರ.