ಚರಂಡಿಗೆ ಇಳಿಯುವವನು ಯಾರು?

ನೆಲದೊಳಗಿನ ಅಪಾಯವು ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳು 1880ರ ದಶಕದಿಂದ 2001ರವರೆಗೆ ನಡೆದವು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆ ಸಿಡಿದು ಸತ್ತವರೂ ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟು ನವೆದವರೂ ಅನೇಕರು. ಆದರೂ ಗಣಿಗೆ ಒಂದು ಕಟ್ಟಳೆಯುಂಟು. 1952ರ ಗಣಿ ಕಾಯಿದೆಯಂತೆ ಪ್ರತಿ ಗಣಿಗೂ ಹೊಣೆಗಾರನಾದ ಒಬ್ಬ ಮ್ಯಾನೇಜರು ಇರಬೇಕಾಗಿತ್ತು. ಕೆಳಗಿಳಿದವರ ಹೆಸರು ಪುಸ್ತಕದಲ್ಲಿ ದಾಖಲಾಗಬೇಕಾಗಿತ್ತು.

ಅದೇ ಗಣಿಯೂರಿನ ನೆಲದ ಮೇಲಾದರೋ ಬೇರೊಂದು ವ್ಯವಸ್ಥೆಯಿತ್ತು. ಕಾರ್ಮಿಕರ ಕೇರಿಗಳ ಒಣ ಪಾಯಿಖಾನೆಗಳನ್ನು ಒಂದು ಜಾತಿಯ ಜನರು ಕೈಯಿಂದ ಬಳಿಯುತ್ತಿದ್ದರು. ಮಲ ಹೊರುವ ಪದ್ಧತಿಯನ್ನು ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ನಿಷೇಧಿಸಿದ್ದರೂ ಅಲ್ಲಿ ಅದು ನಿಲ್ಲಲಿಲ್ಲ. ಆ ಜನರ ನಡುವೆ ಹುಟ್ಟಿದ ಬೆಜವಾಡ ವಿಲ್ಸನ್ನರು ಅದರ ವಿರುದ್ಧ ಹೋರಾಡಿ, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಗೆ ಪಾತ್ರರಾದರು.

ಈಗ ಬೆಂಗಳೂರಿಗೆ ಬರೋಣ. ನಗರದ ಉತ್ತರದಲ್ಲಿ ಶೆಟ್ಟಿಹಳ್ಳಿಯಂತಹ ಹಳ್ಳಿಗಳು 2007ರಲ್ಲಿ ಮಹಾನಗರದ ಎಲ್ಲೆಯೊಳಗೆ ಸೇರಿದವು. ಹೊಲವಿದ್ದಲ್ಲಿ ಮನೆಗಳೆದ್ದವು, ಮನೆಗಳ ಹಿಂದೆಯೇ ಮಲದ ಗುಂಡಿಗಳೂ ಒಳಚರಂಡಿಗಳೂ ಬಂದವು. ಕೊಳವೆ ಕಟ್ಟಿದ ದಿನ ಒಳಕ್ಕೆ ಇಳಿಯುವವನು ಯಾರೆಂದು ನಾವು ವಿಚಾರಿಸುವುದಿಲ್ಲ. ಮುಚ್ಚಿದ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ವಾಯುವು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುವುದರಿಂದ ಇಳಿದವನಿಗೆ ಅಪಾಯದ ಸುಳಿವು ಸಿಕ್ಕುವುದಿಲ್ಲ. ಅವನನ್ನೆತ್ತಲು ಹೋದ ಜೊತೆಗಾರನೂ ಸಾಯುವನು.

ಕಾಯಿದೆಗೆ ಕೊರತೆಯಿಲ್ಲ. 2013ರ ಶಾಸನವು ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿಗೆ ಇಳಿಸಕೂಡದೆನ್ನುತ್ತದೆ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಈ ಕೆಲಸವನ್ನೇ ನಿಲ್ಲಿಸಲು ಆಜ್ಞಾಪಿಸಿತು. ಇಷ್ಟಿದ್ದೂ ಮನುಷ್ಯನು ಗುಂಡಿಗೆ ಇಳಿಯುವನೆಂದರೆ, ಈ ಕೆಲಸಕ್ಕಾಗಿಯೇ ಹುಟ್ಟಿದವರಿದ್ದಾರೆಂಬ ನಮ್ಮ ಮನಸ್ಸಿನ ಕೊಳೆಯೇ ಅದಕ್ಕೆ ಕಾರಣ. ವಿಷವಾಯುವಿಗಿಂತ ಇದು ಹಳೆಯದು, ಕ್ರೂರವಾದುದು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಗಣಿಯಲ್ಲಿರುವಂತೆ ಪ್ರತಿ ಬಡಾವಣೆಯ ಒಳಚರಂಡಿಗೂ ಹೊಣೆಗಾರನಾದ ಒಬ್ಬ ಇಂಜಿನಿಯರನ ಹೆಸರು ಸಾರ್ವಜನಿಕರಿಗೆ ತಿಳಿದಿರಲಿ; ಗುತ್ತಿಗೆದಾರನ ಮೇಲೆ ಹಾಕಿ ಕೈ ತೊಳೆಯುವುದು ಸಲ್ಲದು. ಮನೆಯ ಯಜಮಾನರಲ್ಲಿಯೂ ಒಂದು ಮಾತು: ಗುಂಡಿ ತುಂಬಿದಾಗ ಯಂತ್ರವನ್ನು ತರಿಸಿರಿ. ಅಗ್ಗವೆಂದು ಆಳನ್ನು ಕರೆದು ಇಳಿಸಿದರೆ, ಮುಂದಾಗುವ ಸಾವಿನಲ್ಲಿ ನಿಮಗೂ ಪಾಲುಂಟು.